ಪೊಲೀಸರ ಕೆಲಸವನ್ನು ಫೋನಿನಲ್ಲಿ ವಿಡಿಯೋ ಮಾಡಿದರೆ ತಪ್ಪಾ? ಗೊತ್ತಿರೋರು ಹೇಳಿ

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಭಾವನ ಬೈಕಿನಲ್ಲಿ ಹಿಂದೆ ಕೂತಿದ್ದೆ. ತಪಾಸಣೆಗೆ ಅಂತ ನಿಲ್ಲಿಸಿದರು. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಎಲ್ಲ ಸರಿ ಇತ್ತು. ಆದರೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಒಬ್ಬರು ಭಾವನ ಕಾಲರ್ ಹಿಡಿದರು. ನಾನು ಪಕ್ಕಕ್ಕೆ ಸರಿದು ವಿಡಿಯೋ ಆನ್ ಮಾಡಿದೆ. ಇನ್ನೊಬ್ಬರು ಬಂದು "ಯಾರನ್ನ ಕೇಳಿ ಶೂಟಿಂಗ್ ಮಾಡ್ತಿದೀಯ? ಡ್ಯೂಟಿಗೆ ಅಡ್ಡಿ ಅಂತ ಕೇಸ್ ಹಾಕ್ಲಾ?" ಅಂದರು. ಫೋನ್ ಕಿತ್ತುಕೊಂಡು ಗ್ಯಾಲರಿಗೆ ಹೋಗಿ ವಿಡಿಯೋ ಅಳಿಸಿ, ವಾಪಸ್ ಕೈಗಿಟ್ಟು "ಹೊರಡು" ಅಂದರು.

ಊರು, ಠಾಣೆ ಇಲ್ಲಿ ಬರೆಯೋದಿಲ್ಲ. ನನ್ನ ಪ್ರಶ್ನೆ ಇಷ್ಟೇ. ರಸ್ತೆಯಲ್ಲಿ ನಿಂತು ಪೊಲೀಸರ ವಿಡಿಯೋ ಮಾಡೋ ಹಕ್ಕು ನಮಗಿದೆಯಾ? ನಿಜವಾಗಲೂ ಕೇಸ್ ಹಾಕಬಹುದಾ? ಫೋನ್ ಕಿತ್ಕೊಂಡು ಅಳಿಸೋದು ಅವರಿಗೆ ಸರಿನಾ?

ಹಳೇಟೇಪು

ಕಾನೂನು ಆಮೇಲೆ, ಮೊದಲು ಇದು ಮಾಡಿ. ಗ್ಯಾಲರಿಯಲ್ಲಿ ಬಿನ್, ಟ್ರ್ಯಾಶ್ ಅಥವಾ "ಇತ್ತೀಚೆಗೆ ಅಳಿಸಿದ್ದು" ಅಂತ ಒಂದು ಜಾಗ ಇರುತ್ತೆ. ಅಲ್ಲಿ ನೋಡಿ. ಐಫೋನಿನಲ್ಲಿ ಅಳಿಸಿದ ವಿಡಿಯೋ 30 ದಿನದವರೆಗೆ ಅಲ್ಲೇ ಬಿದ್ದಿರುತ್ತೆ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ 60 ದಿನ. ಅವಸರದಲ್ಲಿ ಅಳಿಸುವವರು ಎರಡನೇ ಸಲ ಹೋಗಿ ಬಿನ್ ಖಾಲಿ ಮಾಡೋದು ಕಡಿಮೆ.

ದಾರಿಹೋಕ

ಸರ್, ಸಿಕ್ತು! ಬಿನ್‌ನಲ್ಲೇ ಇದೆ. ಒಂದು ನಿಮಿಷವೂ ಇಲ್ಲ, ಆದರೆ ಕಾಲರ್ ಹಿಡಿದಿದ್ದೂ ಕಾಣುತ್ತೆ, ನನ್ನ ಹತ್ರ ಬಂದವರ ಮಾತೂ ಕೇಳುತ್ತೆ. ಈಗಲೇ ಫೇಸ್‌ಬುಕ್‌ಗೆ ಹಾಕ್ತೀನಿ.

ಕರಿಕೋಟು

ಹಾಕಬೇಡಿ! ಅದನ್ನು ವಾಪಸ್ ಗ್ಯಾಲರಿಗೆ ತಂದುಕೊಂಡು ಸುಮ್ನೆ ಇರಿ. ಉದ್ದ ಬರೀತಿದೀನಿ, ಓದಿ ಆಮೇಲೆ ತೀರ್ಮಾನ ಮಾಡಿ.

ಕರಿಕೋಟು

ನಾನು ವಕೀಲ. ಇದನ್ನು ನಿಮ್ಮ ಕೇಸಿನ ಸಲಹೆ ಅಂತ ತಗೋಬೇಡಿ. ಕಾನೂನು ಎಲ್ಲಿ ನಿಂತಿದೆ ಅಂತ ತಿಳ್ಕೊಳ್ಳೋಕೆ ಓದಿ.

"ಜನ ಪೊಲೀಸರ ವಿಡಿಯೋ ಮಾಡಬಹುದು" ಅಂತ ಬರೆದಿಟ್ಟ ಸೆಕ್ಷನ್ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಇಲ್ಲ. ಮಾಡಬಾರದು ಅಂತಲೂ ಇಲ್ಲ. ಹೀಗೆ ಎರಡೂ ಇಲ್ಲದಿದ್ದಾಗ ಜನ "ಹಾಗಾದ್ರೆ ಪರ್ಮಿಷನ್ ಬೇಕೇನೋ" ಅಂದ್ಕೊಂಡು ಸುಮ್ಮನಾಗ್ತಾರೆ. ನಮ್ಮ ಸಂವಿಧಾನ ನಡೆಯೋದು ಉಲ್ಟಾ ದಿಕ್ಕಿನಲ್ಲಿ. 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿ ಮಾಹಿತಿ ಪಡೆಯೋದು, ಹಂಚೋದು ಎರಡೂ ಸೇರಿವೆ ಅಂತ ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಅದನ್ನು ತಡೆಯಬೇಕಾದರೆ 19(2)ರಲ್ಲಿ ಹೇಳಿರುವ ಕಾರಣಕ್ಕೆ, ಒಂದು ಕಾನೂನಿನ ಮೂಲಕವೇ ತಡೆಯಬೇಕು. ರಸ್ತೆಯಲ್ಲಿ ನಿಂತ ಎಎಸ್‌ಐ ಬಾಯಿಮಾತು ಕಾನೂನಾಗೋದಿಲ್ಲ. "ಯಾವ ಸೆಕ್ಷನ್ ಪ್ರಕಾರ ಬೇಡ ಅಂತೀರಿ ಸರ್?" ಅಂತ ಕೇಳಿದರೆ ಉತ್ತರ ಕೊಡಬೇಕಾದವರು ಅವರು.

ಪೊಲೀಸರಿಗೂ ಖಾಸಗಿತನ ಇಲ್ವಾ ಅಂತ ಕೇಳ್ತಾರೆ. ಮನೆಯಲ್ಲಿ ಇದೆ. ಸಮವಸ್ತ್ರದಲ್ಲಿ ಡ್ಯೂಟಿ ಮಾಡುವಾಗ ಆ ವಾದ ನಿಲ್ಲೋದು ಕಷ್ಟ. 1994ರ ಆರ್. ರಾಜಗೋಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಸರ್ಕಾರಿ ನೌಕರರು ತಮ್ಮ ಕರ್ತವ್ಯದ ಭಾಗವಾಗಿ ಮಾಡುವ ಕೆಲಸಗಳ ಮಟ್ಟಿಗೆ ಖಾಸಗಿತನದ ಹೆಸರಲ್ಲಿ ಪರಿಹಾರ ಕೇಳೋಕಾಗಲ್ಲ. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಅಂದಿದ್ದು ನಿಜ. ಆದರೆ ಆ ಹಕ್ಕು ಇರೋದು ಸರ್ಕಾರದ ಕೈಯಿಂದ ನಾಗರಿಕನನ್ನು ಕಾಪಾಡೋಕೆ. ಲಾಠಿ ಬೀಸುವ ಕೈಗೆ ಪರದೆ ಕಟ್ಟೋಕೆ ಅಲ್ಲ.

ಇನ್ನು "ಡ್ಯೂಟಿಗೆ ಅಡ್ಡಿ". ಇದು ಬಿಎನ್‌ಎಸ್ (ಐಪಿಸಿ ಜಾಗಕ್ಕೆ ಬಂದಿರೋ ಭಾರತೀಯ ನ್ಯಾಯ ಸಂಹಿತೆ) 221, ಹಳೇ ಐಪಿಸಿ 186. ಮೂರು ತಿಂಗಳವರೆಗೆ ಜೈಲು, ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಸಿಗುವ ಅಪರಾಧ. ಅದೂ ಅಲ್ಲದೆ ಆ ಅಧಿಕಾರಿ ಅಥವಾ ಅವರ ಮೇಲಿನವರು ಲಿಖಿತವಾಗಿ ಕೋರ್ಟಿಗೆ ದೂರು ಕೊಡದಿದ್ದರೆ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳೋ ಹಾಗಿಲ್ಲ. ಅದಕ್ಕೇ ಹೆದರಿಸಬೇಕು ಅಂದಾಗ ಜೊತೆಗೆ ಬಿಎನ್‌ಎಸ್ 132 ಸೇರಿಸ್ತಾರೆ, ಹಳೇ 353. ಎರಡು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ಆದರೆ ಅದು ನಿಲ್ಲಬೇಕಾದರೆ ಹಲ್ಲೆ ಅಥವಾ ಬಲಪ್ರಯೋಗ ಆಗಿರಬೇಕು. ದೂರದಲ್ಲಿ ಫೋನ್ ಹಿಡಿದು ನಿಂತವನು ಯಾರ ಮೇಲೆ ಬಲ ಪ್ರಯೋಗಿಸಿದ? ಹಾಗಂತ ಕೇಸ್ ಹಾಕೋದೇ ಇಲ್ಲ ಅಂತ ತಿಳ್ಕೋಬೇಡಿ. ಹಾಕ್ತಾರೆ. ಅದು ಬಿದ್ದುಹೋಗೋ ಹೊತ್ತಿಗೆ ನೀವು ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿರ್ತೀರಿ. ಈ ಬೆದರಿಕೆ ಕೆಲಸ ಮಾಡೋದು ಅದಕ್ಕೇ.

ತಲೆಹರಟೆ

ಅಂದ್ರೆ ಹಕ್ಕು ಇದೆ, ಆದರೆ ಚಪ್ಪಲಿ ಜಾಸ್ತಿ ಬೇಕು.

ಮಾಜಿಖಾಕಿ

ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು ನಾನು. ಬೈಯೋರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ದಾರಿಹೋಕರ ಫೋನ್ ಕಿತ್ಕೊಂಡು ಅಳಿಸಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆಯಲ್ಲಿ ನಿಂತವರ ಪಾಡನ್ನೂ ನೋಡಿ. ಕುಡಿದು ಗಾಡಿ ಓಡಿಸಿದವನನ್ನು ಹಿಡಿದಿರ್ತೀವಿ. ಅವನ ಮೂರು ಜನ ಗೆಳೆಯರು ಸುತ್ತ ನಿಂತು ಮುಖದಿಂದ ಒಂದು ಗೇಣು ದೂರದಲ್ಲಿ ಫೋನ್ ಹಿಡೀತಾರೆ. "ಹೆಸರು ಹೇಳು, ಬ್ಯಾಡ್ಜ್ ತೋರ್ಸು, ವೈರಲ್ ಮಾಡ್ತೀನಿ" ಅಂತ ಕಿರುಚ್ತಾರೆ. ಆ ಗಲಾಟೆಯಲ್ಲಿ ಹಿಡಿದವನು ಬೈಕ್ ಹತ್ತಿ ಪರಾರಿ. ಇದು ಅಡ್ಡಿ ಅಲ್ದೆ ಇನ್ನೇನು? ವಿಡಿಯೋ ಮಾಡಿದ್ದಕ್ಕೆ ಅಡ್ಡಿ ಅಲ್ಲ, ಮೈಮೇಲೆ ಬಂದಿದ್ದಕ್ಕೆ ಅಡ್ಡಿ. ವ್ಯತ್ಯಾಸ ಅಷ್ಟೇ. ಆದರೆ ಅದು ನಮ್ಮವರಿಗೂ ಗೊತ್ತಿಲ್ಲ, ಜನಕ್ಕೂ ಗೊತ್ತಿಲ್ಲ.

ಇನ್ನೊಂದು, ಅರ್ಧ ವಿಡಿಯೋ. ಅವನು ಮೊದಲು ಉಗಿದದ್ದು ಇರಲ್ಲ, ನಾವು ಕೈ ಎತ್ತಿದ್ದು ಮಾತ್ರ ಇರುತ್ತೆ. ಸಂಜೆ ಹೊತ್ತಿಗೆ ಟಿವಿಯಲ್ಲಿ. ಬೆಳಿಗ್ಗೆ ಸಸ್ಪೆನ್ಷನ್.

ಗೇರ್‌ಬಾಕ್ಸ್

ಖಾಕಿ ಅಣ್ಣ, ಅರ್ಧ ವಿಡಿಯೋ ಸಮಸ್ಯೆಗೆ ಪೂರ್ತಿ ವಿಡಿಯೋನೇ ಔಷಧಿ. ನಿಮ್ಮವರಿಗೂ ಬಾಡಿ ಕ್ಯಾಮೆರಾ ಕೊಟ್ಟಿದ್ದಾರಲ್ಲ? ಬೆಂಗಳೂರಲ್ಲಿ ಟ್ರಾಫಿಕ್‌ನವರ ಎದೆ ಮೇಲೆ ನೋಡ್ತಾನೇ ಇರ್ತೀವಿ. ಅವರು ನಮ್ಮನ್ನು ತೆಗೀತಾರೆ, ನಾವು ಅವರನ್ನು ತೆಗೀತೀವಿ. ಇಬ್ಬರದ್ದೂ ಇದ್ದರೆ ಜಗಳಾನೇ ಇಲ್ಲ.

ಮಾಜಿಖಾಕಿ

ನಾನೂ ಅದನ್ನೇ ಹೇಳೋದು ತಮ್ಮಾ. ಕ್ಯಾಮೆರಾ ಆನ್ ಆಗಿದೆ ಅಂತ ಗೊತ್ತಾದ ಮೇಲೆ ಎದುರಿನವನ ಬಾಯಿ ತಾನಾಗೇ ಸರಿಯಾಗುತ್ತೆ. ನಮ್ಮವರ ಬಾಯಿನೂ.

ಪಕ್ಕದರಾಜ್ಯ

ಕಾಸರಗೋಡಿನಿಂದ ಬರೀತಿದೀನಿ. ಕರಿಕೋಟು ಅವರು ಕರ್ನಾಟಕದಲ್ಲಿ ಸೆಕ್ಷನ್ ಇಲ್ಲ ಅಂದರು. ನಮ್ಮಲ್ಲಿ ಇದೆ. 2011ರ ಕೇರಳ ಪೊಲೀಸ್ ಕಾಯ್ದೆಯ ಸೆಕ್ಷನ್ 33(2). ಪೊಲೀಸರ ಯಾವುದೇ ಕ್ರಮವನ್ನು ಸಾರ್ವಜನಿಕ ಜಾಗದಲ್ಲಾಗಲಿ ಖಾಸಗಿ ಜಾಗದಲ್ಲಾಗಲಿ ಜನ ಕಾನೂನುಬದ್ಧವಾಗಿ ವಿಡಿಯೋ ಅಥವಾ ಆಡಿಯೋ ಮಾಡಿಕೊಳ್ಳುವುದನ್ನು ಯಾವ ಪೊಲೀಸ್ ಅಧಿಕಾರಿಯೂ ತಡೆಯಬಾರದು ಅಂತ ಅದರ ತಾತ್ಪರ್ಯ. ಗಮನಿಸಿ, "ಜನಕ್ಕೆ ಹಕ್ಕಿದೆ" ಅಂತ ಬರೆದಿಲ್ಲ, "ಪೊಲೀಸರು ತಡೆಯಬಾರದು" ಅಂತ ಬರೆದಿದ್ದಾರೆ. ಇದರಿಂದ ಅನುಕೂಲ ಏನಂದ್ರೆ, ತಡೆದ ಅಧಿಕಾರಿ ತನ್ನದೇ ಕಾಯ್ದೆ ಮುರಿದ ಹಾಗಾಗುತ್ತೆ.

ಹಾಗಂತ ಇಲ್ಲಿ ಫೋನ್ ಕಿತ್ಕೊಳ್ಳೋದೇ ಇಲ್ಲ ಅಂದ್ಕೋಬೇಡಿ.

ತಲೆಹರಟೆ

ಗಡಿ ವಿವಾದದಲ್ಲಿ ಈ ಸೆಕ್ಷನ್ನಾದ್ರೂ ನಮಗೆ ಕೊಡಿ ಅಂತ ಕೇಳೋಣ.

ಅಂಚೆಚೀಟಿ

ಎಲ್ಲರೂ ರಸ್ತೆ ಬಗ್ಗೆ ಮಾತಾಡ್ತಿದ್ದೀರಿ. ನನ್ನ ಪ್ರಶ್ನೆ ಠಾಣೆ ಒಳಗಿನದು. ಮಾವ ಜಮೀನಿನ ವಿಷಯಕ್ಕೆ ದೂರು ಕೊಡೋಕೆ ಹೋದಾಗ ದೂರು ತಗೊಳ್ಳದೆ ಸಾಯಂಕಾಲದವರೆಗೂ ಬೆಂಚಿನ ಮೇಲೆ ಕೂರಿಸಿದ್ದರು. ನಾನು ಫೋನ್ ತೆಗೆದ ಕೂಡಲೇ ರೈಟರ್ ಎದ್ದು ನಿಂತು "ಇದು ಸ್ಟೇಷನ್ನು, ಒಳಗೆ ಫೋಟೋ ತೆಗೆದ್ರೆ ಅಫಿಷಿಯಲ್ ಸೀಕ್ರೆಟ್ಸ್ ಆಕ್ಟ್" ಅಂದರು. ಆ ಹೆಸರು ಕೇಳಿಯೇ ಹೆದರಿ ಫೋನ್ ಒಳಗಿಟ್ಟೆ. ಅದು ನಿಜಾನಾ?

ಕರಿಕೋಟು

ಮೇಡಂ, ಇದೇ ಪ್ರಶ್ನೆ ಬಾಂಬೆ ಹೈಕೋರ್ಟಿನ ನಾಗಪುರ ಪೀಠಕ್ಕೆ ಹೋಗಿತ್ತು. 2018ರಲ್ಲಿ ಮಹಾರಾಷ್ಟ್ರದ ವಾರ್ಧಾದಲ್ಲಿ ಒಬ್ಬರು ಪಕ್ಕದ ಮನೆಯವರ ಜಗಳದ ವಿಷಯಕ್ಕೆ ಠಾಣೆಗೆ ಹೋಗಿದ್ದರು. ಒಳಗೆ ನಡೆದ ಮಾತುಕತೆಯನ್ನು ವಿಡಿಯೋ ಮಾಡಿಕೊಂಡರು ಅಂತ ಅವರ ಮೇಲೆ ಅಧಿಕೃತ ರಹಸ್ಯಗಳ ಕಾಯ್ದೆ ಹಾಕಿದರು. ಬೇಹುಗಾರರನ್ನು ಹಿಡಿಯೋಕೆ 1923ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆ ಅದು! 2022ರ ಜುಲೈನಲ್ಲಿ ಹೈಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ಕಾರಣ ಸರಳ. ಆ ಕಾಯ್ದೆಯ ಸೆಕ್ಷನ್ 2(8)ರಲ್ಲಿ "ನಿಷೇಧಿತ ಜಾಗ" ಯಾವುದು ಅಂತ ಪಟ್ಟಿ ಇದೆ. ಶಸ್ತ್ರಾಗಾರ, ನೌಕಾನೆಲೆ, ವಾಯುನೆಲೆ ಥರದ್ದು. ಪೊಲೀಸ್ ಠಾಣೆ ಅದರಲ್ಲಿ ಇಲ್ಲ.

ಅದು ಬೇರೆ ರಾಜ್ಯದ ಹೈಕೋರ್ಟ್, ನಮ್ಮ ಕೋರ್ಟುಗಳಿಗೆ ಕಟ್ಟುಪಾಡಲ್ಲ. ಆದರೆ ಕಾಯ್ದೆ ಕೇಂದ್ರದ್ದು, ಇಡೀ ದೇಶಕ್ಕೆ ಒಂದೇ. ಹಾಗಾಗಿ ಇಲ್ಲೂ ಧೈರ್ಯವಾಗಿ ತೋರಿಸಬಹುದು.

ದೂರು ತಗೊಳ್ಳದಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4) ಪ್ರಕಾರ ದೂರಿನ ಸಾರವನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಸ್ಪೀಡ್ ಪೋಸ್ಟ್ ರಶೀದಿ ಇಟ್ಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟ್.

ಮಾಜಿಖಾಕಿ

ಮೇಡಂ, ಠಾಣೆ ವಿಷಯದಲ್ಲಿ ಒಂದು ಮಾತು. ಅದೇ ಬೆಂಚಿನ ಮೇಲೆ ಅತ್ಯಾಚಾರದ ದೂರು ಕೊಡೋಕೆ ಬಂದ ಹುಡುಗಿ ಕೂತಿರಬಹುದು. ಮನೆ ಬಿಟ್ಟು ಓಡಿಬಂದ ಮಗು ಇರಬಹುದು. ನೀವು ರೈಟರ್ ಕಡೆಗೇ ಹಿಡಿದಿರ್ತೀರಿ, ಅವರು ಹಿಂದೆ ಬಂದುಬಿಡ್ತಾರೆ.

ಕರಿಕೋಟು

ಖಾಕಿ ಸಾಹೇಬ್ರು ಹೇಳಿದ್ದನ್ನು ಯಾರೂ ಹಗುರವಾಗಿ ತಗೋಬೇಡಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಹಾಕಿದರೆ ಬಿಎನ್‌ಎಸ್ 72, ಎರಡು ವರ್ಷದವರೆಗೆ ಜೈಲು. ಮಕ್ಕಳಾದರೆ ಪೋಕ್ಸೋ ಸೆಕ್ಷನ್ 23, ಬಾಲನ್ಯಾಯ ಕಾಯ್ದೆ ಸೆಕ್ಷನ್ 74. ಪೊಲೀಸರ ತಪ್ಪು ತೋರಿಸೋಕೆ ಹೋಗಿ ನೀವೇ ಆರೋಪಿ ಆಗಿಬಿಡ್ತೀರಿ. ತೆಗೆಯೋದು ಬೇರೆ, ಹಂಚೋದು ಬೇರೆ. ದಾರಿಹೋಕರಿಗೆ ಫೇಸ್‌ಬುಕ್ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ.

ಅಂಚೆಚೀಟಿ

ಸರಿ ಸರ್. ಹಾಗಾದ್ರೆ ಠಾಣೆಯಲ್ಲಿ ಅವರದ್ದೇ ಸಿಸಿಟಿವಿ ಇರುತ್ತಲ್ಲ, ಅದನ್ನು ಕೇಳಬಹುದಾ? ನನ್ನ ಫೋನಿನ ಗೊಡವೆಯೇ ಬೇಡ.

ಕರಿಕೋಟು

ಕೇಳಬೇಕು. ಬಹಳ ಜನಕ್ಕೆ ಇದೇ ಗೊತ್ತಿಲ್ಲ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಹಾಕಿ ಅಂತ ಆದೇಶ ಮಾಡಿದೆ. ಬಾಗಿಲು, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೊಠಡಿ, ಶೌಚಾಲಯದ ಹೊರಗೆ, ಎಲ್ಲ ಕಡೆ. ಬರೀ ಚಿತ್ರ ಸಾಲದು, ಧ್ವನಿಯೂ ಬೇಕು, ರಾತ್ರಿ ಕಾಣುವಂಥದ್ದಾಗಿರಬೇಕು. ರೆಕಾರ್ಡಿಂಗ್ 18 ತಿಂಗಳು ಇಡಬೇಕು. ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು.

ಇದು ಯಾಕೆ ಬೇಕಾಯ್ತು ಅಂತ ತಿಳೀಬೇಕಾದರೆ ಅದೇ ವರ್ಷ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ನಡೆದದ್ದು ನೋಡಿ. ಲಾಕ್‌ಡೌನ್ ಸಮಯದಲ್ಲಿ ಅಪ್ಪ ಮಗ ಇಬ್ಬರನ್ನೂ ಠಾಣೆಗೆ ಒಯ್ದರು. ಇಬ್ಬರೂ ಸತ್ತರು. ತನಿಖೆಗೆ ಹೋದ ಮ್ಯಾಜಿಸ್ಟ್ರೇಟ್ ಕೊಟ್ಟ ವರದಿ ಓದಿದರೆ ರಕ್ತ ಕುದಿಯುತ್ತೆ. ಠಾಣೆಯ ಹಾರ್ಡ್ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇತ್ತು. ಆದರೆ ರೆಕಾರ್ಡಿಂಗ್ ದಿನಾ ತಾನಾಗೇ ಅಳಿಸಿಹೋಗೋ ಹಾಗೆ ಸೆಟ್ಟಿಂಗ್ ಮಾಡಿಟ್ಟಿದ್ದರು. ಕ್ಯಾಮೆರಾ ಗೋಡೆ ಮೇಲೆ ಇತ್ತು, ಕೆಲಸವನ್ನೂ ಮಾಡ್ತಿತ್ತು. ಬೇಕಾದ ದಿನದ್ದು ಮಾತ್ರ ಉಳಿದಿರಲಿಲ್ಲ.

ಆದ್ದರಿಂದ ತಡ ಮಾಡಬೇಡಿ. ದಿನಾಂಕ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಠಾಣೆಯ ಯಾವ ಭಾಗ, ಇಷ್ಟನ್ನು ಬರೆದು ಆರ್‌ಟಿಐ ಹಾಕಿ. ಜೊತೆಗೆ "ಈ ರೆಕಾರ್ಡಿಂಗ್ ಅಳಿಸದೆ ಕಾಯ್ದಿರಿಸಿ" ಅಂತ ಎಸ್‌ಪಿಗೆ ಪ್ರತ್ಯೇಕ ಪತ್ರ ಕೊಡಿ. ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ. ಆಮೇಲೆ "ಕ್ಯಾಮೆರಾ ಕೆಟ್ಟಿತ್ತು" ಅಂದರೆ ಆ ಮುದ್ರೆ ಮಾತಾಡುತ್ತೆ. ಹಿಂಸೆ ಆಗಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಿ. ರೆಕಾರ್ಡಿಂಗ್ ತರಿಸಿಕೊಳ್ಳೋ ಅಧಿಕಾರ ಅವರಿಗಿದೆ ಅಂತ ಅದೇ ತೀರ್ಪು ಹೇಳುತ್ತೆ.

ಗೇರ್‌ಬಾಕ್ಸ್

ಸರ್ಕಾರಿ ಆಫೀಸಲ್ಲಿ ವಿಡಿಯೋ ಮಾಡೋ ಹಾಗಿಲ್ಲ ಅಂತ ನಮ್ಮ ರಾಜ್ಯದಲ್ಲೇ ಒಂದು ಆದೇಶ ಬಂದಿತ್ತಲ್ವಾ? ಆರ್‌ಟಿಓ ಆಫೀಸಲ್ಲಿ ಈಗಲೂ ಅದನ್ನೇ ಹೇಳಿ ಹೆದರಿಸ್ತಾರೆ.

ಕರಿಕೋಟು

ಬಂದಿತ್ತು, 2022ರ ಜುಲೈ 15ಕ್ಕೆ. ಅನುಮತಿ ಇಲ್ಲದೆ ಸರ್ಕಾರಿ ಕಚೇರಿಗಳಲ್ಲಿ ಫೋಟೋ, ವಿಡಿಯೋ ತೆಗೆಯೋ ಹಾಗಿಲ್ಲ ಅಂತ. ಜನ ಎಷ್ಟು ಉಗಿದರು ಅಂದರೆ ರಾತ್ರಿ ಕಳೆದು ಬೆಳಗಾಗೋದರೊಳಗೆ ವಾಪಸ್ ತಗೊಂಡರು. ಆದೇಶ ಸತ್ತಿದೆ, ಅದರ ಹೆಸರು ಹೇಳಿ ಹೆದರಿಸೋದು ಮಾತ್ರ ನಿಂತಿಲ್ಲ.

ತಲೆಹರಟೆ

ಇಷ್ಟೆಲ್ಲ ಯಾಕೆ? ಸೀದಾ ಲೈವ್ ಹೋಗಿಬಿಡಿ. ಅಳಿಸೋಕೂ ಆಗಲ್ಲ, ಕಿತ್ಕೊಂಡ್ರೂ ಅಷ್ಟರೊಳಗೆ ಜನ ನೋಡಿರ್ತಾರೆ.

ಮಾಜಿಖಾಕಿ

ಇದಕ್ಕೆ ಮಾತ್ರ ನಾನು ಒಪ್ಪಲ್ಲ. 2008ರ ಮುಂಬೈ ದಾಳಿ ನೆನಪಿದೆಯಾ? ಕಮಾಂಡೋಗಳು ಎಲ್ಲಿ ಇಳಿದರು, ಎಲ್ಲಿ ನಿಂತರು ಅಂತ ಟಿವಿಯವರು ನೇರಪ್ರಸಾರ ಮಾಡಿದರು. ಪಾಕಿಸ್ತಾನದಲ್ಲಿ ಕೂತವರು ಅದನ್ನು ನೋಡಿಕೊಂಡೇ ಒಳಗಿದ್ದವರಿಗೆ ಫೋನಿನಲ್ಲಿ ಹೇಳ್ತಿದ್ದರು. 2012ರಲ್ಲಿ ಕಸಬ್ ತೀರ್ಪು ಬರೆಯುವಾಗ ಸುಪ್ರೀಂ ಕೋರ್ಟ್ ಟಿವಿಯವರನ್ನು ಚೆನ್ನಾಗಿಯೇ ತರಾಟೆಗೆ ತಗೊಂಡಿತು. ಒತ್ತೆಯಾಳು, ಬಾಂಬು, ಕೋಮು ಗಲಭೆ, ಇಂಥ ಕಡೆ ಲೈವ್ ಅಂದರೆ ಜೀವದ ಪ್ರಶ್ನೆ. ವಿಡಿಯೋ ಮಾಡಿ ಇಟ್ಕೊಳ್ಳಿ, ಮಾರನೇ ದಿನ ಕೋರ್ಟಿಗೆ ಕೊಡಿ. ಯಾರು ಬೇಡ ಅಂದ್ರು?

ತಲೆಹರಟೆ

ಹೆಲ್ಮೆಟ್ ಇಲ್ಲ ಅಂತ ನಿಲ್ಲಿಸೋದು ಒತ್ತೆಯಾಳು ಪ್ರಕರಣ ಅಲ್ವಲ್ಲ ಸಾಹೇಬ್ರೆ.

ಮಾಜಿಖಾಕಿ

ಅಲ್ಲ. ಹೆಲ್ಮೆಟ್‌ಗೆ ಲೈವ್ ಬೇಕಾದ್ರೆ ಹೋಗಿ. ಹೆಲ್ಮೆಟ್ ಹಾಕ್ಕೊಂಡು ಹೋಗಿ.

ಕಡಲಾಚೆ

ಅಮೆರಿಕದಲ್ಲಿದ್ದೀನಿ, ಇಲ್ಲಿನದ್ದು ಸ್ವಲ್ಪ ಹೇಳ್ತೀನಿ. ಇಲ್ಲೂ ಸಂವಿಧಾನದಲ್ಲಿ "ಪೊಲೀಸರ ವಿಡಿಯೋ" ಅಂತ ಬರೆದಿಲ್ಲ. 2007ರಲ್ಲಿ ಬಾಸ್ಟನ್ ಪಾರ್ಕಿನಲ್ಲಿ ಒಬ್ಬನ ಬಂಧನವನ್ನು ಫೋನಿನಲ್ಲಿ ತೆಗೆದವರನ್ನೇ ಪೊಲೀಸರು ಬಂಧಿಸಿದರು. ಅವರೂ ವಕೀಲರೇ! 2011ರಲ್ಲಿ ಗ್ಲಿಕ್ ಪ್ರಕರಣ ಅಂತ ಫೆಡರಲ್ ಮೇಲ್ಮನವಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ಜಾಗದಲ್ಲಿ ಪೊಲೀಸರ ಕೆಲಸವನ್ನು ಚಿತ್ರೀಕರಿಸೋದು ಮೊದಲ ತಿದ್ದುಪಡಿಯ (ಇಲ್ಲಿನ ಸಂವಿಧಾನದ ವಾಕ್ ಸ್ವಾತಂತ್ರ್ಯದ) ಹಕ್ಕು ಅಂತ. ಆಮೇಲೆ ಇನ್ನೂ ಹಲವು ಮೇಲ್ಮನವಿ ಕೋರ್ಟುಗಳು ಅದನ್ನೇ ಹೇಳಿದವು. 2022ರಲ್ಲಿ ಅರಿಜೋನಾ ರಾಜ್ಯ "8 ಅಡಿ ಒಳಗೆ ನಿಂತು ತೆಗೆದರೆ ಅಪರಾಧ" ಅಂತ ಕಾನೂನು ಮಾಡಿತು. ಜಾರಿಗೆ ಬರೋ ಮೊದಲೇ ಕೋರ್ಟ್ ತಡೆಯಿತು.

2020ರಲ್ಲಿ ಪೊಲೀಸ್ ಅಧಿಕಾರಿ ಕುತ್ತಿಗೆ ಮೇಲೆ ಮಂಡಿ ಊರಿದ್ದರಿಂದ ಸತ್ತ ಜಾರ್ಜ್ ಫ್ಲಾಯ್ಡ್ ವಿಷಯ ಎಲ್ಲರಿಗೂ ಗೊತ್ತು. ಅದರಲ್ಲಿ ನನಗೆ ಮುಖ್ಯ ಅನ್ನಿಸೋದು ಬೇರೆ. ಮಿನ್ನಿಯಾಪೊಲಿಸ್ ಪೊಲೀಸರ ಮೊದಲ ಪ್ರಕಟಣೆಯಲ್ಲಿ "ವೈದ್ಯಕೀಯ ಘಟನೆ"ಯಿಂದ ಸಾವು ಅಂತ ಇತ್ತು. ಮಂಡಿ ಊರಿದ ಮಾತೇ ಇಲ್ಲ. 17 ವರ್ಷದ ಡಾರ್ನೆಲ್ಲಾ ಫ್ರೇಜಿಯರ್ ತೆಗೆದ ವಿಡಿಯೋ ಇಲ್ಲದಿದ್ದರೆ ಕಡತದಲ್ಲಿ ಅದೇ ಉಳಿಯುತ್ತಿತ್ತೋ ಏನೋ. ಆ ಹುಡುಗಿ ಮಧ್ಯೆ ನುಗ್ಗಲಿಲ್ಲ. ಫುಟ್‌ಪಾತ್ ಮೇಲೆ ನಿಂತು ಕೈ ಅಲ್ಲಾಡಿಸದೆ ಕೊನೇವರೆಗೂ ತೆಗೆದಳು.

ಹಳೇಟೇಪು

ಕೋರ್ಟಿನ ವಿಷಯಕ್ಕೆ ಬರೋಣ. ವಿಡಿಯೋ ಇದ್ದರಷ್ಟೇ ಸಾಲದು, ಅದು ಸಾಕ್ಷಿಯಾಗಿ ನಿಲ್ಲಬೇಕು. ನಾನು ವಕೀಲನಲ್ಲ, ಫೈಲುಗಳ ಜೊತೆ ಕೆಲಸ ಮಾಡೋನು.

ನಮ್ಮ ಜನ ಮಾಡೋ ಮೊದಲ ಕೆಲಸ ಏನು? ವಾಟ್ಸಾಪಿನಲ್ಲಿ ಹತ್ತು ಗುಂಪಿಗೆ ಕಳಿಸೋದು. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಸಣ್ಣದು ಮಾಡುತ್ತೆ. ಚಿತ್ರ ಮಂಕಾಗುತ್ತೆ, ತೆಗೆದ ಸಮಯದಂಥ ವಿವರ ಹೊರಟುಹೋಗುತ್ತೆ. ಅದು ಬೇರೆಯೇ ಫೈಲ್. ಆಮೇಲೆ "ಜಾಗ ಇಲ್ಲ" ಅಂತ ಮೂಲ ವಿಡಿಯೋ ಅಳಿಸ್ತಾರೆ. ಮುಗೀತು ಕಥೆ.

ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ವಿಡಿಯೋ ಜೊತೆ ಕೋರ್ಟಿಗೆ ಕೊಡೋ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದ್ಕೊಳ್ಳಿ. ಒಂದು ಕ್ಷಣ ಕತ್ತರಿಸಿದರೂ, ಬ್ರೈಟ್‌ನೆಸ್ ಸ್ವಲ್ಪ ಏರಿಸಿದರೂ ಪೂರ್ತಿ ಬದಲಾಗುತ್ತೆ. ಅದಕ್ಕೇ ಮೂಲ ಫೈಲನ್ನು ಮುಟ್ಟಲೇಬೇಡಿ. ಹೆಸರೂ ಬದಲಾಯಿಸಬೇಡಿ. ಹೆಸರು ಬದಲಾದರೆ ಹ್ಯಾಶ್ ಬದಲಾಗಲ್ಲ ನಿಜ, ಆದರೆ "ಇದ್ಯಾಕೆ ಬದಲಾಯಿಸಿದ್ರಿ" ಅನ್ನೋ ಪ್ರಶ್ನೆಗೆ ಅವಕಾಶ ಯಾಕೆ? ಒಂದು ಪ್ರತಿ ಡ್ರೈವ್‌ಗೆ, ಒಂದು ಪೆನ್‌ಡ್ರೈವ್‌ಗೆ. ವಾಟ್ಸಾಪಿನಲ್ಲೇ ಕಳಿಸಬೇಕು ಅಂದರೆ ವಿಡಿಯೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ಹಿಂಡೋದಿಲ್ಲ.

ಕರಿಕೋಟು

ಹಳೇಟೇಪು ಸರಿಯಾಗಿ ಹೇಳಿದ್ದಾರೆ. ಆ ಪ್ರಮಾಣಪತ್ರದಲ್ಲಿ ಎರಡು ಭಾಗ ಇದೆ. ಒಂದಕ್ಕೆ ಫೈಲ್ ಕೊಡುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಕಾಲದ್ದು. ಅದರಲ್ಲಿ ಇನ್ನೊಂದು ಉಪಯೋಗದ ಮಾತಿದೆ. ತೆಗೆದ ಫೋನನ್ನೇ ಅದರ ಮಾಲೀಕ ಕೋರ್ಟಿಗೆ ತಂದು, ಕಟಕಟೆಯಲ್ಲಿ ನಿಂತು "ಇದು ನನ್ನದು, ನಾನೇ ತೆಗೆದೆ" ಅಂದರೆ ಪ್ರಮಾಣಪತ್ರ ಬೇಕಿಲ್ಲ. ಹಾಗಾಗಿ ಆ ಫೋನನ್ನು ಎಕ್ಸ್‌ಚೇಂಜ್ ಆಫರ್‌ಗೆ ಕೊಟ್ಟುಬಿಡಬೇಡಿ. ನನ್ನ ಹತ್ರ ಬಂದ ಒಬ್ಬರು ಅದನ್ನೇ ಮಾಡಿದ್ದರು.

ದಾರಿಹೋಕರ ಮೂರನೇ ಪ್ರಶ್ನೆ ಬಾಕಿ ಇತ್ತು. ಪೊಲೀಸರು ಫೋನ್ ತಗೊಳ್ಳಬಹುದಾ? ಅಪರಾಧಕ್ಕೆ ಸಂಬಂಧಿಸಿದ ವಸ್ತು ಅಂತ ಅನುಮಾನ ಇದ್ದರೆ ಬಿಎನ್‌ಎಸ್‌ಎಸ್ 106ರಲ್ಲಿ ಜಪ್ತಿ ಮಾಡೋ ಅಧಿಕಾರ ಇದೆ. ಆದರೆ ಜಪ್ತಿಗೂ ಒಂದು ಕ್ರಮ ಇದೆ. ಮಹಜರು ಬರೀಬೇಕು, ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ. ಬಿಎನ್‌ಎಸ್‌ಎಸ್ 105ರ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪೊಲೀಸರೇ ಆಡಿಯೋ ವಿಡಿಯೋ ಮಾಡಬೇಕು, ಆದಷ್ಟೂ ಮೊಬೈಲಿನಲ್ಲೇ. "ವಿಡಿಯೋ ಮಾಡಬೇಡ" ಅಂತ ನಿಮ್ಮ ಫೋನ್ ಜಪ್ತಿ ಮಾಡೋರು ಆ ಜಪ್ತಿಯನ್ನು ವಿಡಿಯೋ ಮಾಡಬೇಕು! ಕಿತ್ಕೊಂಡು, ಅಳಿಸಿ, ವಾಪಸ್ ಕೈಗಿಡೋದು ಯಾವ ಸೆಕ್ಷನ್ನಿನಲ್ಲೂ ಇಲ್ಲ. ಉಲ್ಟಾ ಅದು ಸಾಕ್ಷ್ಯ ನಾಶ ಆಗಬಹುದು, ಬಿಎನ್‌ಎಸ್ 238.

ಪಾಸ್‌ವರ್ಡ್ ಕೇಳಿದರೆ? 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹೇಳಿದೆ: ಸಾಮಾನ್ಯವಾಗಿ ಫೋನ್ ಒಳಗೆ ನೋಡೋಕೆ ಕೋರ್ಟಿನಿಂದ ಸರ್ಚ್ ವಾರಂಟ್ ತರಬೇಕು. ಕೋರ್ಟ್ ಹೇಳಿದ ಮೇಲೆ ಪಾಸ್‌ವರ್ಡ್ ಕೊಡೋದು ನಮ್ಮ ವಿರುದ್ಧ ನಾವೇ ಸಾಕ್ಷಿ ಹೇಳಿದ ಹಾಗಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಅಂದರೆ ಕೋರ್ಟಿಗೆ ಇಲ್ಲ ಅನ್ನೋದು ಕಷ್ಟ. ರಸ್ತೆ ಬದಿಯಲ್ಲಿ ಕೇಳಿದವರಿಗೆ "ವಾರಂಟ್ ತನ್ನಿ ಸರ್" ಅನ್ನಬಹುದು.

ದಾರಿಹೋಕ

ಎಲ್ಲರಿಗೂ ತುಂಬಾ ಧನ್ಯವಾದ. ಫೇಸ್‌ಬುಕ್‌ಗೆ ಹಾಕಲ್ಲ. ದೂರು ಯಾರಿಗೆ ಕೊಡ್ಲಿ? ಅದೇ ಠಾಣೆಗೆ ಹೋಗೋಕೆ ಮನಸ್ಸಿಲ್ಲ.

ಕರಿಕೋಟು

ಎಸ್‌ಪಿಗೆ. ನಗರ ಆದರೆ ಕಮಿಷನರ್‌ಗೆ. ಪ್ರತಿಯನ್ನು ಪೊಲೀಸ್ ದೂರು ಪ್ರಾಧಿಕಾರಕ್ಕೂ ಕಳಿಸಿ. 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಬಂದ ವ್ಯವಸ್ಥೆ ಅದು. ರಾಜ್ಯಕ್ಕೊಂದು, ಜಿಲ್ಲೆಗೊಂದು. ಹೆಸರು ಕೇಳಿದವರೇ ಕಡಿಮೆ. ದೂರಿನಲ್ಲಿ ಬೈಗುಳ ಬೇಡ, ಸಿಟ್ಟೂ ಬೇಡ. ಸಮಯ, ಜಾಗ, ಯಾರು ಏನು ಮಾಡಿದರು, ವಿಡಿಯೋ ನಿಮ್ಮ ಹತ್ರ ಇದೆ, ಕೇಳಿದಾಗ ಕೊಡ್ತೀರಿ. ಪೆನ್‌ಡ್ರೈವ್‌ನಲ್ಲಿ ಪ್ರತಿ ಕೊಡಿ, ಫೋನ್ ಕೊಡಬೇಡಿ. ಆ ಸರ್ಕಲ್‌ನಲ್ಲಿ ಕ್ಯಾಮೆರಾ ಇದ್ದರೆ ಅದರ ರೆಕಾರ್ಡಿಂಗ್ ಕಾಯ್ದಿರಿಸಿ ಅಂತಲೂ ಸೇರಿಸಿ.

ಗೇರ್‌ಬಾಕ್ಸ್

ನನ್ನದೊಂದು. ಕ್ಯಾಬ್‌ನಲ್ಲಿ ಡ್ಯಾಶ್‌ಕ್ಯಾಮ್ ಇದೆ, ಧ್ವನಿನೂ ಬರುತ್ತೆ. ಅವರು ಕಿಟಕಿ ಹತ್ರ ಬಂದು ಮಾತಾಡಿದ್ದು ರೆಕಾರ್ಡ್ ಆದರೆ ಕದ್ದು ಕೇಳಿದ ಹಾಗಾ? ಮೊದಲೇ ಹೇಳಬೇಕಾ?

ಕರಿಕೋಟು

ನಿಮ್ಮ ಜೊತೆ ಆಡಿದ ಮಾತನ್ನು ನೀವು ದಾಖಲು ಮಾಡಿಕೊಂಡರೆ ಅದು ಕದ್ದು ಕೇಳಿದ ಹಾಗಲ್ಲ. ಮೊದಲೇ ಹೇಳಬೇಕು ಅನ್ನೋ ನಿಯಮ ಇಲ್ಲ. ಒಂದು ಕಡೆಯವರ ಒಪ್ಪಿಗೆಯಿಂದ ಮಾಡಿದ ಫೋನ್ ರೆಕಾರ್ಡಿಂಗನ್ನು 1972ರಲ್ಲೇ, ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸಾಕ್ಷಿ ಅಂತ ಒಪ್ಪಿದೆ. ಅದೂ ಲಂಚದ ಕೇಸು.

ಮಾಜಿಖಾಕಿ

ಹೇಳಬೇಕಿಲ್ಲ, ಸರಿ. ಆದರೂ ಹೇಳಿ. "ಸರ್, ಕ್ಯಾಮೆರಾ ಆನ್ ಇದೆ" ಅಂತ ಮೆಲ್ಲಗೆ ಹೇಳಿ ಗ್ಲಾಸ್ ಇಳಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಮುಖಕ್ಕೆ ಫೋನ್ ಹಿಡಿದು ಹೇಳಿದರೆ ಅದೇ ಜಗಳ ಅಲ್ಲಿಂದ ಶುರು ಆಗುತ್ತೆ.

ಪಕ್ಕದರಾಜ್ಯ

ಖಾಕಿ ಸಾಹೇಬ್ರೆ, ನೇರವಾಗಿ ಕೇಳ್ತೀನಿ. ನಮ್ಮ 33(2) ಥರದ್ದು ಕರ್ನಾಟಕಕ್ಕೆ ಬೇಕಾ ಬೇಡವಾ?

ಮಾಜಿಖಾಕಿ

ಬೇಕು. ಆದರೆ ನಾನಾದರೆ ಇನ್ನೊಂದು ಸಾಲು ಸೇರಿಸ್ತೀನಿ. ಅಧಿಕಾರಿ "ಅಲ್ಲಿ ನಿಂತು ತೆಗೀರಿ" ಅಂತ ಜಾಗ ತೋರಿಸಬಹುದು, "ತೆಗೀಬೇಡಿ" ಅನ್ನೋ ಹಾಗಿಲ್ಲ ಅಂತ. ಹೊಸದಾಗಿ ಸೇರಿದ ಹುಡುಗರಿಗೆ ಟ್ರೇನಿಂಗ್‌ನಲ್ಲಿ ಇಷ್ಟು ಹೇಳಿಕೊಟ್ಟರೂ ಸಾಕು. ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕರಿಕೋಟು

ಆ ಸಾಲು ನನಗೆ ಇಷ್ಟ ಆಗಲಿಲ್ಲ. "ಅಲ್ಲಿ ನಿಂತು" ಅಂದರೆ ಎಲ್ಲಿ? ಏನೂ ಕಾಣದಷ್ಟು ದೂರ ತೋರಿಸಿದರೆ? ಕಡಲಾಚೆಯವರು ಹೇಳಿದ 8 ಅಡಿಯ ಕಥೆ ಇಲ್ಲೂ ಶುರುವಾಗುತ್ತೆ.

ಮಾಜಿಖಾಕಿ

ಕಾಣಬೇಕು, ಕೇಳಿಸಬೇಕು, ಕೈಗೆ ಸಿಗಬಾರದು. ಅಷ್ಟು ದೂರ. ಇದನ್ನು ನಿಮ್ಮ ಭಾಷೆಯಲ್ಲಿ ಬರೆಯೋದು ನಿಮ್ಮ ಕೆಲಸ ವಕೀಲರೇ.

ಕರಿಕೋಟು

ಬರೆದು ನೋಡ್ತೀನಿ. "ಕೈಗೆ ಸಿಗಬಾರದು" ಯಾರ ಕೈಗೆ ಅಂತ ಮೊದಲು ಹೇಳಿ.